ಕಣ್ಣು ಕೇಳುವ ಅಳತೆ, ಕಿವಿ ಕೇಳುವ ಜಾಗ: ಕಲಬುರಗಿಯ ಒಂದು ಮನೆ ಸ್ಟುಡಿಯೋಗೆ ಮಾನಿಟರ್ ಆರಿಸಿದ ಪ್ರಕರಣ

ಕಲಬುರಗಿಯ ಒಬ್ಬ ಹೈಸ್ಕೂಲ್ ಮಾಸ್ತರರು ತಮ್ಮ ಮನೆಯ ಕೋಣೆಯೊಂದರಲ್ಲಿ ತತ್ವಪದ ಮತ್ತು ಭಜನೆ ಪದಗಳನ್ನು ರೆಕಾರ್ಡ್ ಮಾಡುತ್ತಾರೆ. ವಯಸ್ಸು 52. ಆಳಂದ, ಜೇವರ್ಗಿ, ಅಫಜಲಪುರ ಕಡೆಯ ಹಳ್ಳಿಗಳಿಂದ ಹಾಡುವವರು ಬರುತ್ತಾರೆ. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ. ಮುಂದೆ ಹಾಡುವವರು ಒಬ್ಬರು, ಹಿಮ್ಮೇಳಕ್ಕೆ ನಾಲ್ಕೈದು ಜನ. ಶಾಲೆ ಮುಗಿಸಿ ಬಂದು ರಾತ್ರಿ ಅವರೇ ಕುಳಿತು ಎಡಿಟಿಂಗ್, ಮಿಕ್ಸಿಂಗ್ ಮಾಡುತ್ತಾರೆ. ದುಡ್ಡಿಗಾಗಿ ಅಲ್ಲ. ಹಾಡುವವರಿಗೆ ವಯಸ್ಸಾಗುತ್ತಿದೆ, ಆ ದನಿಗಳು ಉಳಿಯಬೇಕು ಅನ್ನುವುದು ಅವರ ಆಸೆ.

ಮನೆ ಸ್ಟುಡಿಯೋಗಳನ್ನು ಜೋಡಿಸಿಕೊಡುವುದು ನನ್ನ ಕೆಲಸ. ಮಾಸ್ತರರು ನನ್ನನ್ನು ಕರೆದದ್ದು ಒಂದೇ ಪ್ರಶ್ನೆಗೆ: ಯಾವ ಸೈಜಿನ ಮಾನಿಟರ್, ಅಂದರೆ ಕಂಪ್ಯೂಟರ್ ಸ್ಕ್ರೀನ್, ತಗೊಳ್ಳಬೇಕು? ಈ ಪ್ರಶ್ನೆಗೆ ಬಹಳ ಜನ ಇಂಚಿನಲ್ಲಿ ಉತ್ತರ ಕೊಡುತ್ತಾರೆ. ಇಂಚು ಕೊನೆಗೆ ಬರಬೇಕಾದ ಉತ್ತರ. ಅದಕ್ಕೂ ಮೊದಲು ತಲೆ ಎಲ್ಲಿರುತ್ತದೆ, ಸ್ಪೀಕರ್ ಎಲ್ಲಿರುತ್ತದೆ, ಅಕ್ಷರ ಎಷ್ಟು ದೂರದಿಂದ ಕಾಣುತ್ತದೆ ಅನ್ನುವ ಮೂರು ಅಳತೆ ಕೈಯಲ್ಲಿರಬೇಕು. ಹೀಗಾಗಿ ಈ ಒಂದು ಪ್ರಕರಣವನ್ನು ಅಳತೆಗಳ ಸಮೇತ ಬರೆಯುತ್ತಿದ್ದೇನೆ.

ಮಾಸ್ತರರ ಹತ್ತಿರ ಇದ್ದದ್ದು ಹಳೆಯ 15.6 ಇಂಚಿನ ಲ್ಯಾಪ್‌ಟಾಪ್. ಅದರ ರೆಸಲ್ಯೂಷನ್ 1366×768, ಅಂದರೆ ಅಗಲಕ್ಕೆ 1366, ಎತ್ತರಕ್ಕೆ 768 ಪಿಕ್ಸೆಲ್ (ಚುಕ್ಕೆ). ರೆಕಾರ್ಡಿಂಗ್, ಮಿಕ್ಸಿಂಗ್ ಮಾಡುವ ರೀಪರ್ ಸಾಫ್ಟ್‌ವೇರ್, ನಾಲ್ಕು ಮೈಕ್ ಹಾಕಬಹುದಾದ ಯುಎಸ್‌ಬಿ ಆಡಿಯೋ ಇಂಟರ್ಫೇಸ್, ಐದು ಇಂಚಿನ ಒಂದು ಜೊತೆ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರ್. ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಕೆಳಗೆ ಶಹಾಬಾದ್ ಕಲ್ಲಿನ ನೆಲ. ಟೇಬಲ್ ನಾಲ್ಕು ಅಡಿ ಅಗಲ, ಎರಡು ಅಡಿ ಆಳ. ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಕಿಟಕಿ, ನಡುವಿನ ಗೋಡೆಗೆ ಆ ಟೇಬಲ್ ಸರಿಯಾಗಿ ಕೂತಿದೆ. ಇದಕ್ಕಿಂತ ದೊಡ್ಡ ಟೇಬಲ್ ಅಲ್ಲಿ ಹಿಡಿಸುವುದಿಲ್ಲ.

"ತಮ್ಮಾ, ಟ್ರ್ಯಾಕಿನ ಹೆಸರೇ ಕಾಣವಲ್ವು. ರಾತ್ರಿ ಎದ್ದು ನಿಂತ್ರ ಕುತ್ತಿಗಿ ಹಿಡಿತದ" ಅಂದರು. ಟ್ರ್ಯಾಕ್ ಅಂದರೆ ಒಂದೊಂದು ದನಿಗೆ, ವಾದ್ಯಕ್ಕೆ ಸ್ಕ್ರೀನಿನಲ್ಲಿ ಇರುವ ಬೇರೆ ಬೇರೆ ಸಾಲು.

ಅವರು ಕೆಲಸ ಮಾಡುವುದನ್ನು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತ ಕುಳಿತೆ. ಓದುವಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದರು. ಮುಖ ಸ್ಕ್ರೀನಿನಿಂದ 40 ಸೆಂಟಿಮೀಟರ್ ದೂರಕ್ಕೆ ಬರುತ್ತಿತ್ತು. ಫೇಡರ್ (ದನಿ ಏರಿಸಿ ಇಳಿಸುವ ಗುಂಡಿ) ಸರಿಮಾಡಿ, ಹಿಂದಕ್ಕೆ ಒರಗಿ ಕೇಳಿ, ಮತ್ತೆ ಮುಂದಕ್ಕೆ ಬಾಗಿ ಬದಲಾಯಿಸುತ್ತಿದ್ದರು. ತೊಂದರೆ ಕುತ್ತಿಗೆಯದು ಮಾತ್ರ ಆಗಿರಲಿಲ್ಲ. ಎರಡು ಸ್ಪೀಕರ್ ಮತ್ತು ಕೇಳುವವರ ತಲೆ, ಈ ಮೂರೂ ಒಂದು ಸಮಬಾಹು ತ್ರಿಕೋನದ ಮೂಲೆಗಳಲ್ಲಿದ್ದರೆ ಸ್ಟೀರಿಯೋ ಸರಿಯಾಗಿ ಕೇಳುತ್ತದೆ. ತಲೆ ಮುಂದೆ ಹೋದರೆ ಸ್ಪೀಕರ್‌ಗಳು ಪಕ್ಕಕ್ಕೆ ಬೀಳುತ್ತವೆ, ನಡುವೆ ಕೇಳಬೇಕಾದ ದನಿ ಸಡಿಲಾಗುತ್ತದೆ. ಜೊತೆಗೆ ಸ್ಪೀಕರ್‌ನ ಟ್ವೀಟರ್ (ಮೇಲಿನ ಸದ್ದು ಕೊಡುವ ಚಿಕ್ಕ ಭಾಗ) ಕಿವಿಯ ಕಡೆ ನೋಡದೆ ಕಿವಿಯ ಹಿಂದಿನ ಜಾಗಕ್ಕೆ ಗುರಿಯಾಗುತ್ತದೆ, ತಾಳದ ಕಿಣಿಕಿಣಿ ಮಂಕಾಗುತ್ತದೆ. ಬಾಗಿದಾಗ ತಾಳ ಕಡಿಮೆ ಅನ್ನಿಸಿ ಏರಿಸುತ್ತಿದ್ದರು, ಒರಗಿದಾಗ ಜಾಸ್ತಿ ಅನ್ನಿಸಿ ಇಳಿಸುತ್ತಿದ್ದರು. ಕಣ್ಣಿನ ತೊಂದರೆ ಮಿಕ್ಸಿಂಗಿಗೇ ಬಂದು ಕುಳಿತಿತ್ತು.

ಹಾಗಾಗಿ ಕೆಲಸವನ್ನು ಹೀಗೆ ಇಟ್ಟುಕೊಂಡೆ: ಕಿವಿಗೆ ಬೇಕಾದ ಜಾಗದಲ್ಲೇ ಕುಳಿತು ಕಣ್ಣು ಓದುವಂತಿರಬೇಕು. ಅಂಥ ಸ್ಕ್ರೀನ್ ಯಾವುದು?

ಮನೆಯಲ್ಲಿ ಆಗಲೇ ಸಲಹೆಗಳು ಬಂದಿದ್ದವು. "ಅಪ್ಪಾ, 43 ಇಂಚಿನ 4ಕೆ ಟಿವಿ ತಗೊಂಡ್ರ ಎಲ್ಲಾ ದೊಡ್ಡದಾಗಿ ಕಾಣ್ತದ" ಅಂತ ಮಗ. ಹಾಡು ಮಾಡುವ ಗೆಳೆಯರೊಬ್ಬರು 34 ಇಂಚಿನ ಅಲ್ಟ್ರಾವೈಡ್ (ತೀರಾ ಅಗಲದ ಸ್ಕ್ರೀನ್) ಅಂದಿದ್ದರು. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ 27 ಇಂಚಿನ ಫುಲ್ ಎಚ್‌ಡಿ ತೋರಿಸಿದ್ದರು. "ಸರ್, ಮೊದಲು ಅಳತೆ ಟೇಪ್ ತಗೊಂಡು ಬರ್ರಿ. ಅಂಗಡಿಗಿ ಆಮ್ಯಾಲ ಹೋಗಮ್ರಿ" ಅಂದೆ. ಬಜೆಟ್ 25,000 ರೂಪಾಯಿ.

ಟೇಬಲ್ ಮೇಲೆ ಎಷ್ಟು ಜಾಗ

ಟೇಬಲ್ ಅಗಲ 120 ಸೆಂಟಿಮೀಟರ್. ಸ್ಪೀಕರ್ ಒಂದೊಂದೂ 18 ಸೆಂಟಿಮೀಟರ್ ಅಗಲ, 21 ಆಳ. ನೆಟ್ಟಗಿಟ್ಟರೆ 18 ಸಾಕು. ಆದರೆ ಕಿವಿಯ ಕಡೆಗೆ 30 ಡಿಗ್ರಿ ತಿರುಗಿಸಿದಾಗ ಒಂದೊಂದೂ ಸುಮಾರು 26 ಸೆಂಟಿಮೀಟರ್ ತಿನ್ನುತ್ತದೆ. ಎರಡಕ್ಕೆ 52. ನಡುವೆ ಉಳಿಯುವುದು 68 ಸೆಂಟಿಮೀಟರ್. ಸ್ಕ್ರೀನ್ ಏನೇ ಇರಲಿ, ಆ 68ರ ಒಳಗೆ ಕೂರಬೇಕು.

ಇಷ್ಟಕ್ಕೇ ಅರ್ಧ ಪಟ್ಟಿ ಖಾಲಿಯಾಯಿತು. 43 ಇಂಚಿನ ಟಿವಿಯ ಪರದೆಯೇ 95 ಸೆಂಟಿಮೀಟರ್. 34 ಇಂಚಿನ ಅಲ್ಟ್ರಾವೈಡ್ 80. 32 ಇಂಚಿನದು ಚೌಕಟ್ಟು ಸೇರಿ 71. 27 ಇಂಚಿನದು ಚೌಕಟ್ಟು ಸೇರಿ 61, 24 ಇಂಚಿನದು 54. 32 ಇಂಚು ಮೂರೇ ಸೆಂಟಿಮೀಟರಿನಿಂದ ಹೊರಗೆ ಬಿತ್ತು. ಸ್ಪೀಕರ್ ಮುಂದೆ ಅಡ್ಡ ಬಂದರೂ ಚಿಂತೆಯಿಲ್ಲ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಸ್ಕ್ರೀನ್ ನುಣುಪಾದ, ಗಟ್ಟಿಯಾದ ಹಲಗೆ. ಅದರ ಅಂಚು ಟ್ವೀಟರ್ ಮುಂದೆ ಬಂದರೆ ಮೇಲಿನ ಫ್ರೀಕ್ವೆನ್ಸಿಗಳು ಒಂದಷ್ಟು ತಡೆದು ನಿಲ್ಲುತ್ತವೆ, ಒಂದಷ್ಟು ತಿರುಗಿ ಬಂದು ಬೆರೆಯುತ್ತವೆ. ಸ್ಕ್ರೀನ್ ಸ್ಪೀಕರ್‌ಗಳ ಮುಖದ ಸಾಲಿನಲ್ಲೇ ಇರಬೇಕು, ಅಥವಾ ತುಸು ಹಿಂದೆ.

ಟಿವಿಯನ್ನು ಗೋಡೆಗೆ ಹಾಕಬಹುದಲ್ವಾ ಅಂತ ಮಗ ಕೇಳಿದ. ಹಾಕಬಹುದು. ಆಗ ಅದು ಸ್ಪೀಕರ್‌ಗಳ ಮೇಲಕ್ಕೆ ಹೋಗಬೇಕು. 53 ಸೆಂಟಿಮೀಟರ್ ಎತ್ತರದ ಪರದೆಯ ಮೇಲಂಚು ಕಣ್ಣಿಗಿಂತ ಎಷ್ಟೋ ಮೇಲೆ ಹೋಗುತ್ತದೆ. ಮಾಸ್ತರರು ಹಾಕುವುದು ಪ್ರೋಗ್ರೆಸಿವ್ ಕನ್ನಡಕ. ಹತ್ತಿರದ್ದನ್ನು ಓದುವ ಭಾಗ ಅದರಲ್ಲಿ ಕೆಳಗಿರುತ್ತದೆ. ಮೇಲಿನ ಅಕ್ಷರ ಓದಲು ಗಲ್ಲ ಎತ್ತಿ, ಕುತ್ತಿಗೆ ಹಿಂದಕ್ಕೆ ಬಾಗಿಸಬೇಕು. ಈಗ ಇರುವ ನೋವು ಇನ್ನೊಂದು ಕಡೆಗೆ ತಿರುಗುತ್ತಿತ್ತು ಅಷ್ಟೇ.

ಇನ್ನು ದೂರ. ಟೇಬಲ್ ಆಳ 60. ಮಾನಿಟರ್ ಸ್ಟ್ಯಾಂಡಿನ ಪಾದ ಹಿಂದೆ ಜಾಗ ಹಿಡಿಯುವುದರಿಂದ ಪರದೆಯ ಮುಖ ಟೇಬಲಿನ ಮುಂದಂಚಿನಿಂದ 45 ಸೆಂಟಿಮೀಟರ್ ಒಳಗೆ ಬರುತ್ತದೆ. ನೆಟ್ಟಗೆ ಕುಳಿತಾಗ ಅವರ ಕಣ್ಣು ಮುಂದಂಚಿಗಿಂತ 20 ಹಿಂದೆ. ಒಟ್ಟು 65 ಸೆಂಟಿಮೀಟರ್. ಸ್ಪೀಕರ್‌ಗಳ ನಡುವಿನ ಅಂತರ, ಮಧ್ಯದಿಂದ ಮಧ್ಯಕ್ಕೆ, 94. ಆ ತ್ರಿಕೋನಕ್ಕೆ ತಲೆ 81 ಸೆಂಟಿಮೀಟರ್ ದೂರ ಇರಬೇಕು. ಅಂದರೆ ಎಡಿಟಿಂಗಿಗೆ 65ರಲ್ಲಿ ಕುಳಿತು, ಮಿಕ್ಸ್ ಕೇಳುವಾಗ ಕುರ್ಚಿ ಅರ್ಧ ಅಡಿ ಹಿಂದಕ್ಕೆ ಸರಿಸಿದರೆ ಸಾಕು. ಇದು ಚೆನ್ನಾಗಿ ಹೊಂದಿತು.

ಅಂಗಡಿಗೆ ಹೋಗುವ ಮುಂಚೆ ರಟ್ಟಿನಲ್ಲಿ 54, 61, 71 ಸೆಂಟಿಮೀಟರ್ ಅಗಲದ ಮೂರು ತುಂಡು ಕತ್ತರಿಸಿ, ಒಂದೊಂದನ್ನೇ ಸ್ಪೀಕರ್‌ಗಳ ನಡುವೆ ನಿಲ್ಲಿಸಿ ನೋಡಿದೆವು. ಲೆಕ್ಕದಲ್ಲಿ ಗೊತ್ತಾಗದ್ದು ರಟ್ಟಿನಲ್ಲಿ ಗೊತ್ತಾಗುತ್ತದೆ. 71ರ ರಟ್ಟು ಇಟ್ಟ ಕೂಡಲೇ ಮಾಸ್ತರರೇ "ಇದು ಬ್ಯಾಡ" ಅಂದರು. ಎರಡೂ ಸ್ಪೀಕರಿನ ಒಳಗಿನ ಅಂಚು ರಟ್ಟಿನ ಹಿಂದೆ ಮರೆಯಾಗುತ್ತಿತ್ತು.

ಅಕ್ಷರದ ಲೆಕ್ಕ

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ ಭಾಗ. ಯಾರು ಬೇಕಾದರೂ ಮನೆಯಲ್ಲೇ ಮಾಡಿ ನೋಡಬಹುದು.

ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಅನ್ನುವುದಕ್ಕೆ ಪಿಪಿಐ ಅನ್ನುತ್ತಾರೆ. ಅಗಲದ ಪಿಕ್ಸೆಲ್ಲಿನ ವರ್ಗ, ಎತ್ತರದ ಪಿಕ್ಸೆಲ್ಲಿನ ವರ್ಗ, ಎರಡನ್ನೂ ಕೂಡಿಸಿ ವರ್ಗಮೂಲ ತೆಗೆದು, ಮೂಲೆಯಿಂದ ಮೂಲೆಗಿರುವ ಇಂಚಿನಿಂದ ಭಾಗಿಸಿದರೆ ಅದು ಸಿಗುತ್ತದೆ. ಹಳೆಯ ಲ್ಯಾಪ್‌ಟಾಪಿನದು 100. 24 ಇಂಚಿನ ಫುಲ್ ಎಚ್‌ಡಿ, ಅಂದರೆ 1920×1080, ಸುಮಾರು 92. 27 ಇಂಚಿನಲ್ಲಿ ಅದೇ ಫುಲ್ ಎಚ್‌ಡಿ ಆದರೆ 82. 27 ಇಂಚಿನ 2560×1440ಕ್ಕೆ 109. 32 ಇಂಚಿನ 2560×1440ಕ್ಕೆ ಮತ್ತೆ 92. 27 ಇಂಚಿನ 4ಕೆಗೆ, ಅಂದರೆ 3840×2160ಕ್ಕೆ, 163. 43 ಇಂಚಿನ 4ಕೆ ಟಿವಿಗೆ 102.

ಕೊನೆಯ ಸಂಖ್ಯೆಯನ್ನು ಮಗನಿಗೆ ತೋರಿಸಿದೆ. ಅಷ್ಟು ದೊಡ್ಡ ಟಿವಿಯಲ್ಲಿ ಅಕ್ಷರದ ಗಾತ್ರ ಹಳೆಯ ಲ್ಯಾಪ್‌ಟಾಪಿನಲ್ಲಿ ಇದ್ದಷ್ಟೇ. ದೊಡ್ಡದಾಗುವುದು ಜಾಗ, ಅಕ್ಷರ ಅಲ್ಲ. ಬಹಳ ಜನರಿಗೆ ಇದು ತಿಳಿದಿರುವುದಿಲ್ಲ. ಸ್ಕ್ರೀನ್ ದೊಡ್ಡದಾದರೆ ಅಕ್ಷರವೂ ದೊಡ್ಡದಾಗುತ್ತದೆ ಅಂದುಕೊಂಡು ದುಡ್ಡು ಹಾಕುತ್ತಾರೆ.

ಅಕ್ಷರ ಕಣ್ಣಿಗೆ ಎಷ್ಟು ಚಿಕ್ಕದಾಗಿ ಕಾಣುತ್ತದೆ ಅನ್ನುವುದು ಎರಡರ ಮೇಲೆ ನಿಂತಿದೆ: ಪಿಪಿಐ ಮತ್ತು ದೂರ. ಎರಡನ್ನೂ ಗುಣಿಸಿದರೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಹೆಚ್ಚಾದಷ್ಟೂ ಅಕ್ಷರ ಚಿಕ್ಕದು. ಇದರಿಂದ ಮನೆಯಲ್ಲಿರುವ ಲ್ಯಾಪ್‌ಟಾಪ್ ಇಟ್ಟುಕೊಂಡೇ ಇನ್ನೂ ಕೊಳ್ಳದ ಮಾನಿಟರನ್ನು ಪರೀಕ್ಷೆ ಮಾಡಬಹುದು.

ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲೆ ಇಟ್ಟು, ಹೊಸ ಸ್ಕ್ರೀನ್ ಬರುವ ಎತ್ತರಕ್ಕೆ ತಂದೆವು. ಈ ಎತ್ತರ ಮುಖ್ಯ. ಕೆಳಗಿದ್ದ ಲ್ಯಾಪ್‌ಟಾಪನ್ನು ಅವರು ಕನ್ನಡಕದ ಕೆಳಭಾಗದಿಂದ ನೋಡುತ್ತಿದ್ದರು. ಮಾನಿಟರನ್ನು ಹಾಗೆ ನೋಡಲು ಆಗುವುದಿಲ್ಲ. ವಿಂಡೋಸಿನ ಸ್ಕೇಲಿಂಗ್, ಅಂದರೆ ಅಕ್ಷರ, ಚಿತ್ರ ಹಿಗ್ಗಿಸುವ ಸೆಟ್ಟಿಂಗ್, 100 ಪರ್ಸೆಂಟ್ ಇಟ್ಟೆವು. ನಂತರ ಲ್ಯಾಪ್‌ಟಾಪನ್ನು ನಿಧಾನವಾಗಿ ಹಿಂದಕ್ಕೆ ಸರಿಸುತ್ತ ಹೋದೆ. ಬಾಗದೆ, ಕಣ್ಣು ಕಿರಿದು ಮಾಡದೆ ಟ್ರ್ಯಾಕಿನ ಹೆಸರು ಓದಲು ಆದದ್ದು 62 ಸೆಂಟಿಮೀಟರ್‌ವರೆಗೆ. 100 ಇಂಟು 62, ಅಂದರೆ 6,200. ಅದು ಅವರ ಕಣ್ಣಿನ ಗಡಿ.

ಈಗ ಕೂರುವ 65 ಸೆಂಟಿಮೀಟರಿಗೆ ಒಂದೊಂದನ್ನೂ ಹಾಕಿ ನೋಡಿ. 24 ಇಂಚಿನ ಫುಲ್ ಎಚ್‌ಡಿ: 5,980. ಪಾಸ್. 32 ಇಂಚಿನ 1440 (ಅಂದರೆ 2560×1440): ಅದೂ 5,980. ಪಾಸ್, ಆದರೆ ಟೇಬಲಿನಲ್ಲಿ ಜಾಗ ಇಲ್ಲ. 27 ಇಂಚಿನ 1440: 7,085. ಫೇಲ್. 27 ಇಂಚಿನ 4ಕೆಯನ್ನು 150 ಪರ್ಸೆಂಟ್ ಸ್ಕೇಲಿಂಗಿನಲ್ಲಿ ಇಟ್ಟರೆ 163ನ್ನು 1.5ರಿಂದ ಭಾಗಿಸಬೇಕು, ಮತ್ತೆ 109, ಮತ್ತೆ 7,085. 175 ಪರ್ಸೆಂಟ್ ಇಟ್ಟರೆ ಸುಮಾರು 6,050. ಪಾಸ್. ಅಂಗಡಿಯವರು ತೋರಿಸಿದ 27 ಇಂಚಿನ ಫುಲ್ ಎಚ್‌ಡಿ 5,330. ಸುಲಭವಾಗಿ ಪಾಸ್, ಆದರೆ 24 ಇಂಚಿನದಕ್ಕಿಂತ ಒಂದು ಟ್ರ್ಯಾಕ್ ಕೂಡ ಜಾಸ್ತಿ ಕಾಣುವುದಿಲ್ಲ, ಅಕ್ಷರದ ಅಂಚು ಒರಟು.

ಹಾಗಿದ್ದರೆ 24 ಇಂಚು ತಗೊಂಡು ಮುಗಿಸಬಹುದಿತ್ತಲ್ವಾ? ಅಗ್ಗವೂ ಹೌದು. ಎಷ್ಟೋ ಮನೆಗಳಿಗೆ ನಾನೇ ಅದನ್ನು ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಇಲ್ಲಿ ತಡೆದದ್ದು ಕನ್ನಡ ಅಕ್ಷರ. ಮಾಸ್ತರರು ಟ್ರ್ಯಾಕ್ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆಯುತ್ತಾರೆ. 'ದಮ್ಮಡಿ', 'ಹಿಮ್ಮೇಳ ಎಡ', 'ಹಿಮ್ಮೇಳ ಬಲ', 'ಹಾರ್ಮೋನಿಯಂ'. ರೀಪರ್ ಇದನ್ನು ತಕರಾರಿಲ್ಲದೆ ತೋರಿಸುತ್ತದೆ. ಆದರೆ ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವಷ್ಟು ಪಿಕ್ಸೆಲ್ ಕನ್ನಡಕ್ಕೆ ಸಾಲುವುದಿಲ್ಲ. ಒಂದು ಸಾಲಿನ ಎತ್ತರದಲ್ಲೇ ಮೇಲೆ ಗುಣಿತ, ಕೆಳಗೆ ಒತ್ತು, ಎರಡೂ ಹಿಡಿಸಬೇಕು. ಸಣ್ಣ ಫಾಂಟಿನಲ್ಲಿ ಒತ್ತಕ್ಷರ ಒಂದು ಕಪ್ಪು ಚುಕ್ಕೆಯಂತಾಗಿಬಿಡುತ್ತದೆ. ಹತ್ತಿರ ಹೋದರೂ ಓದಲು ಬರುವುದಿಲ್ಲ, ಯಾಕಂದರೆ ಅಲ್ಲಿ ಆಕಾರವೇ ಇರುವುದಿಲ್ಲ. ಅಕ್ಷರಕ್ಕೆ ಹೆಚ್ಚು ಪಿಕ್ಸೆಲ್ ಕೊಡಬೇಕಂದರೆ ಅದನ್ನು ಹಿಗ್ಗಿಸಬೇಕು. ಹಿಗ್ಗಿಸಿದರೆ ಜಾಗ ಹೋಗುತ್ತದೆ. 1080 ಪಿಕ್ಸೆಲ್ ಎತ್ತರದಲ್ಲಿ ಬಿಟ್ಟುಕೊಡಲು ಜಾಗ ಎಷ್ಟಿದೆ ಅನ್ನುವುದು ಮುಂದಿನ ಪ್ರಶ್ನೆ.

ಹನ್ನೆರಡು ಟ್ರ್ಯಾಕ್

ಮಾಸ್ತರರ ಒಂದು ಪದಕ್ಕೆ ಬಸ್ (ಹಲವು ಟ್ರ್ಯಾಕ್ ಒಟ್ಟು ಸೇರುವ ಸಾಲು), ರಿವರ್ಬ್ (ಮಾರ್ದನಿ) ಎಲ್ಲ ಸೇರಿ ಸಾಮಾನ್ಯವಾಗಿ 12 ಟ್ರ್ಯಾಕ್ ಆಗುತ್ತವೆ. ಸಿನಿಮಾ ಸಂಗೀತದವರಂತೆ ನೂರಾರು ಇಲ್ಲ. ಆದರೆ ಹನ್ನೆರಡೂ ಒಟ್ಟಿಗೆ ಕಾಣಬೇಕು, ಕೆಳಗೆ ಮಿಕ್ಸರ್ ಕೂಡ ತೆರೆದಿರಬೇಕು. ಟ್ರ್ಯಾಕ್ ಹುಡುಕುತ್ತ ಮೇಲೆ ಕೆಳಗೆ ಸ್ಕ್ರೋಲ್ ಮಾಡುವುದರಲ್ಲಿ ಕಿವಿಯ ಗಮನ ಹಾರಿಹೋಗುತ್ತದೆ.

ನನ್ನ ಒರಟು ಅಳತೆ ಹೀಗಿದೆ. ಟಾಸ್ಕ್‌ಬಾರಿಗೆ 40 ಪಿಕ್ಸೆಲ್, ರೀಪರಿನ ಮೆನು, ಟೂಲ್‌ಬಾರ್, ಮೇಲಿನ ಅಳತೆಪಟ್ಟಿಗೆ 130, ಮಿಕ್ಸರಿಗೆ 300. ಒಟ್ಟು 470. ಒಂದು ಟ್ರ್ಯಾಕಿಗೆ 50 ಪಿಕ್ಸೆಲ್ ಎತ್ತರ. 768ರ ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿಯುವುದು ಆರು ಟ್ರ್ಯಾಕಿಗೂ ಸಾಲದ ಜಾಗ. 1080ರಲ್ಲಿ ಸರಿಯಾಗಿ ಹನ್ನೆರಡು. 1440ರಲ್ಲಿ ಹತ್ತೊಂಬತ್ತು. 1080ರಲ್ಲಿ ಹನ್ನೆರಡು ಕೂತವು ನಿಜ, ಆದರೆ ಅಕ್ಷರ ಹಿಗ್ಗಿಸಲು ಒಂದು ಪಿಕ್ಸೆಲ್ ಕೂಡ ಉಳಿಯಲಿಲ್ಲ.

1440ರಲ್ಲಿ ಎಲ್ಲವನ್ನೂ ಕಾಲುಭಾಗ ಹಿಗ್ಗಿಸಿದರೂ ಹದಿಮೂರು ಟ್ರ್ಯಾಕ್ ಹಿಡಿಸುತ್ತವೆ. ರೀಪರಿನಲ್ಲಿ ಇದಕ್ಕೆ ದಾರಿ ಇದೆ. ಪ್ರಿಫರೆನ್ಸಸ್‌ನ ಅಡ್ವಾನ್ಸ್ಡ್ ಯುಐ ಸೆಟ್ಟಿಂಗಿನಲ್ಲಿ ಟ್ರ್ಯಾಕ್, ಮಿಕ್ಸರ್ ಮೊದಲಾದ ಪ್ಯಾನೆಲ್ಲುಗಳನ್ನು ಬೇಕಾದಷ್ಟು ಹಿಗ್ಗಿಸಬಹುದು. ವಿಂಡೋಸಿನ ಸ್ಕೇಲಿಂಗ್ ಮುಟ್ಟಬೇಕಾಗಿಲ್ಲ. 1.25 ಅಂತ ಕೊಟ್ಟರೆ 27 ಇಂಚಿನ 1440ರ 109 ಪಿಪಿಐ, ಅಕ್ಷರದ ಮಟ್ಟಿಗೆ, 87 ಆಗುತ್ತದೆ. ಇಂಟು 65 ಅಂದರೆ 5,655. 6,200ರ ಗಡಿಯೊಳಗೆ ಆರಾಮಾಗಿ ಬಂತು. ಒತ್ತಕ್ಷರಕ್ಕೂ ಕಾಲುಭಾಗ ಹೆಚ್ಚು ಪಿಕ್ಸೆಲ್ ಸಿಕ್ಕಿತು.

ಅಗಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೆಳೆಯರು ಅಲ್ಟ್ರಾವೈಡ್ ಅಂದದ್ದು ಉದ್ದದ ಹಾಡು ಒಂದೇ ನೋಟಕ್ಕೆ ಕಾಣಲಿ ಅಂತ. ತತ್ವಪದ ಒಂದೊಂದು ಸಲ ಇಪ್ಪತ್ತು ನಿಮಿಷ ಹೋಗುತ್ತದೆ. ಅದನ್ನು ಪೂರ್ತಿ ಹರಡಿದರೆ 3440 ಪಿಕ್ಸೆಲ್ಲಿನಲ್ಲೂ ಒಂದು ಸೆಕೆಂಡಿಗೆ ಸಿಗುವುದು ಎರಡು ಮೂರು ಪಿಕ್ಸೆಲ್. ಉಸಿರಿನ ಸದ್ದು ಕತ್ತರಿಸಬೇಕಂದರೆ ಹೇಗಿದ್ದರೂ ಜೂಮ್ ಮಾಡಲೇಬೇಕು. ನೂರಾರು ಚಿಕ್ಕ ಕ್ಲಿಪ್ ಜೋಡಿಸುವವರಿಗೆ ಅಗಲ ಬೇಕು, ಇವರಿಗೆ ಎತ್ತರ ಬೇಕಿತ್ತು.

4ಕೆ ಯಾಕೆ ಬೇಡ ಅಂದೆ

27 ಇಂಚಿನ 4ಕೆ ನಿಜಕ್ಕೂ ಒಳ್ಳೆಯ ಆಯ್ಕೆ. ಕನ್ನಡ ಅಕ್ಷರ ಅದರಲ್ಲಿ ಅಚ್ಚಿನಂತೆ ಕಾಣುತ್ತದೆ. ಒಳ್ಳೆಯ ಕಣ್ಣು 65 ಸೆಂಟಿಮೀಟರಿನಿಂದ ಸುಮಾರು 0.19 ಮಿಲಿಮೀಟರಿನ ಚುಕ್ಕೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. 1440ರ ಪಿಕ್ಸೆಲ್ 0.23 ಮಿಲಿಮೀಟರ್, 4ಕೆಯದು 0.16. ಹಾಗಾಗಿ 4ಕೆಯ ಲಾಭ ಬರೀ ಮಾತಲ್ಲ, ಕಣ್ಣಿಗೆ ಕಾಣುವಂಥದ್ದು.

ತಡೆದದ್ದು ಎರಡು ಸಂಗತಿ. ಒಂದು, ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟ್ 1.4ರದ್ದು. ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. 60 ಬೇಕಂದರೆ ಎಚ್‌ಡಿಎಂಐ 2.0 ಇರಬೇಕು, ಅಥವಾ ಡಿಸ್‌ಪ್ಲೇಪೋರ್ಟ್ 1.2. ಸಿನಿಮಾ ನೋಡಲು 30 ನಡೆಯುತ್ತದೆ. ಆದರೆ ಮೀಟರ್ ಕುಣಿತ, ಮೌಸ್ ಚಲನೆ, ಓಡುವ ಕರ್ಸರ್ ಎಲ್ಲ ತಡವರಿಸುತ್ತವೆ. ತಾಳದ ಹೊಡೆತದ ಮೇಲೆ ಸರಿಯಾಗಿ ಕತ್ತರಿ ಹಾಕುವವರಿಗೆ ಅದು ಬಹಳ ಕಿರಿಕಿರಿ. ಅದೇ ಪೋರ್ಟಿನಲ್ಲಿ 2560×1440 ಮಾತ್ರ 60 ಹರ್ಟ್ಸಿನಲ್ಲಿ ಬಂತು. ಕೊಳ್ಳುವ ಮೊದಲು ಪರಿಚಯದವರ ಮಾನಿಟರಿಗೆ ಲ್ಯಾಪ್‌ಟಾಪ್ ಜೋಡಿಸಿ ಇದನ್ನು ಖಾತ್ರಿ ಮಾಡಿಕೊಂಡೆವು.

ಎರಡು, ಪ್ಲಗಿನ್‌ಗಳು, ಅಂದರೆ ರೀಪರಿನೊಳಗೆ ಸೇರಿಸಿ ದನಿ ತಿದ್ದುವ ಚಿಕ್ಕ ಸಾಫ್ಟ್‌ವೇರ್‌ಗಳು. ಮಾಸ್ತರರು ವರ್ಷಗಳಿಂದ ಬಳಸುವ ಹಲವು ಉಚಿತ ಪ್ಲಗಿನ್‌ಗಳು ಹಳೆಯವು. ಅವುಗಳ ಕಿಟಕಿಯ ಅಳತೆ ಪಿಕ್ಸೆಲ್ಲಿನಲ್ಲಿ ಗಟ್ಟಿಯಾಗಿ ನಿಂತಿದೆ. ಸ್ಕೇಲಿಂಗ್ ಅಂದರೆ ಏನೆಂದು ಅವಕ್ಕೆ ಗೊತ್ತಿಲ್ಲ. 163 ಪಿಪಿಐ ಪರದೆಯಲ್ಲಿ ಅವು ಅಂಚೆಚೀಟಿಯಂತೆ ಕುಗ್ಗುತ್ತವೆ. ವಿಂಡೋಸಿನಿಂದ ಬಲವಂತವಾಗಿ ಹಿಗ್ಗಿಸಬಹುದು, ಆಗ ಮಸುಕಾಗುತ್ತವೆ. ಹೊಸ ಪ್ಲಗಿನ್‌ಗಳಲ್ಲಿ ಈ ತೊಂದರೆ ಕಡಿಮೆ. ಆದರೆ ಒಬ್ಬರ ಕೈಗೆ ಕೂತ ಉಪಕರಣ ಬಿಡಿಸಿ ಹೊಸದು ಕಲಿಸುವುದು ಮಾನಿಟರ್ ಆರಿಸುವವನ ಕೆಲಸ ಅಲ್ಲ.

ಕನ್ನಡಕ

ಟ್ರ್ಯಾಕ್ ಮತ್ತು ಮಿಕ್ಸರ್ ಸರಿಹೋದವು. ಪ್ಲಗಿನ್ ಕಿಟಕಿಗಳು ಮಾತ್ರ 7,085ರಲ್ಲೇ ಉಳಿದವು. ಅವರ ಗಡಿ 6,200. ಇಲ್ಲಿ ಸ್ಕ್ರೀನ್ ಬದಲಿಸುವ ಬದಲು ಕಣ್ಣಿನ ಕಡೆ ತಿರುಗಿದೆವು.

ನಲವತ್ತು ದಾಟಿದ ಮೇಲೆ ಕಣ್ಣಿನ ಲೆನ್ಸ್ ಬಿಗಿಯಾಗುತ್ತ ಹೋಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಪ್ರೋಗ್ರೆಸಿವ್ ಕನ್ನಡಕದಲ್ಲಿ ದೂರಕ್ಕೆ, ನಡುವಿಗೆ, ಹತ್ತಿರಕ್ಕೆ ಬೇರೆ ಬೇರೆ ಭಾಗಗಳಿವೆ. ನಡುವಿನ ಭಾಗ, ಅಂದರೆ ಮಾನಿಟರ್ ದೂರದ್ದು, ಕಿರಿದಾದ ಓಣಿಯಂತಿರುತ್ತದೆ. ಅಗಲ ಸ್ಕ್ರೀನ್ ನೋಡಲು ಕಣ್ಣಿನ ಬದಲು ತಲೆಯನ್ನೇ ತಿರುಗಿಸಬೇಕಾಗುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ 65 ಸೆಂಟಿಮೀಟರ್ ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಬರೀ 'ಕಂಪ್ಯೂಟರಿಗೆ' ಅಂದರೆ ಸಾಲದು, ದೂರ ಎಷ್ಟು ಅಂತ ಹೇಳಬೇಕು. ಆ ಒಂದೇ ದೂರಕ್ಕೆ ಪೂರ್ತಿ ಲೆನ್ಸ್ ಇರುವ ಕನ್ನಡಕ ಮಾಡಿಸಿದರು.

ಅದನ್ನು ಹಾಕಿಕೊಂಡು ಲ್ಯಾಪ್‌ಟಾಪ್ ಪರೀಕ್ಷೆ ಮತ್ತೆ ಮಾಡಿದೆವು. ಈ ಸಲ 73 ಸೆಂಟಿಮೀಟರ್‌ವರೆಗೆ ಓದಿದರು. ಗಡಿ 7,300ಕ್ಕೆ ಏರಿತು. 7,085 ಅದರೊಳಗೆ ಬಂತು. ಅಂಚಿನಲ್ಲಿ ಬಂತು ಅನ್ನುವುದನ್ನೂ ಹೇಳಬೇಕು, ಆರಾಮಾಗಿ ಅಲ್ಲ. 27 ಇಂಚಿನ 1440ಕ್ಕೂ 4ಕೆಗೂ ಇರುವ ಬೆಲೆಯ ಅಂತರಕ್ಕಿಂತ ಆ ಕನ್ನಡಕ ಅಗ್ಗವಾಯಿತು. ಕನ್ನಡಕ ಹಾಕುವ ಯಾರೇ ಮಾನಿಟರ್ ಕೇಳಿದರೂ ಈಗ ನನ್ನ ಮೊದಲ ಪ್ರಶ್ನೆ ಇದೇ: ಕಣ್ಣಿನ ಪರೀಕ್ಷೆ ಯಾವಾಗ ಮಾಡಿಸಿದ್ದಿರಿ?

ಕೊಂಡದ್ದು, ಜೋಡಿಸಿದ್ದು

ಕೊನೆಗೆ ತಗೊಂಡದ್ದು 27 ಇಂಚಿನ, 2560×1440ರ, ಐಪಿಎಸ್ ಪ್ಯಾನೆಲ್ ಮಾನಿಟರ್. 17,000 ರೂಪಾಯಿಯ ಆಸುಪಾಸು. ಐಪಿಎಸ್ ಯಾಕಂದರೆ ಹಾಡಿದವರು ಪಕ್ಕದಲ್ಲಿ ಕುಳಿತು ನೋಡುತ್ತಾರೆ, ಓರೆಯಿಂದ ನೋಡಿದರೂ ಬಣ್ಣ ಕೆಡಬಾರದು. ಕಿಟಕಿಯ ಬೆಳಕು ಬೀಳುವುದರಿಂದ ಹೊಳೆಯದ ಮ್ಯಾಟ್ ಪರದೆ. 144 ಹರ್ಟ್ಸ್, ಬಾಗಿದ ಪರದೆ ಇವಕ್ಕೆಲ್ಲ ದುಡ್ಡು ಹಾಕಲಿಲ್ಲ. ಸ್ಟ್ಯಾಂಡ್ ಎತ್ತರ ಇಳಿಸಲು ಬರಬೇಕು ಅನ್ನುವುದಕ್ಕೆ ಮಾತ್ರ ಹಟ ಹಿಡಿದೆ. ಈಗ ಪರದೆಯ ಮೇಲಂಚು ಅವರ ಕಣ್ಣಿಗಿಂತ ತುಸು ಕೆಳಗಿದೆ.

ಸ್ಪೀಕರ್‌ಗಳನ್ನು ಕಿವಿಯ ಎತ್ತರಕ್ಕೆ ಏರಿಸಬೇಕಿತ್ತು. ಶಹಾಬಾದ್ ಕಲ್ಲಿನ ತುಂಡುಗಳು ಈ ಊರಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತವೆ. ಸಮನಾಗಿ ಕತ್ತರಿಸಿದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಕೆಳಗೂ ಮೇಲೂ ದಪ್ಪ ರಬ್ಬರ್ ಹಾಳೆ ಹಾಕಿದೆವು. ಭಾರ ಇದೆ, ಅಲುಗುವುದಿಲ್ಲ, ಟೇಬಲಿಗೆ ನಡುಕ ಕಡಿಮೆ. ಆದರೆ ಅದೇ ಕಲ್ಲು ನೆಲದಲ್ಲಿ ಶತ್ರು, ಸದ್ದನ್ನೆಲ್ಲ ತಿರುಗಿಸಿ ಕಳಿಸುತ್ತದೆ. ಮಾಸ್ತರರ ಮನೆಯವರು ಜಮಖಾನ ಹಾಸಿ, ಎರಡು ಪಕ್ಕದ ಗೋಡೆಗೆ ದಪ್ಪ ಕೌದಿ ತೂಗಿಹಾಕಿದರು. ಮಾನಿಟರಿನಲ್ಲಿ ಉಳಿದ ದುಡ್ಡಿಗಿಂತ ಆ ಕೌದಿಗಳಿಂದ ಮಿಕ್ಸಿಗೆ ಆದ ಲಾಭ ದೊಡ್ಡದು. ಮೇಲಿನ ಸದ್ದಿನ ಅಬ್ಬರ ತಗ್ಗಿತು. ಬೇಸ್ ಗುಂಯ್‌ಗುಡುವುದು ಕೌದಿಗೆ ಬಗ್ಗುವುದಿಲ್ಲ, ಅದು ಬೇರೆಯೇ ಕೆಲಸ.

ಮಾನಿಟರ್ ಜೋಡಿಸಿದ ಕೂಡಲೇ ಸ್ಪೀಕರಿನಲ್ಲಿ ಒಂದು ಹಮ್ (ಗುಂಯ್ ಅನ್ನುವ ಸದ್ದು) ಶುರುವಾಯಿತು. ಎಚ್‌ಡಿಎಂಐ ಕೇಬಲ್ ತೆಗೆದರೆ ನಿಲ್ಲುತ್ತಿತ್ತು. ಇದು ಗ್ರೌಂಡ್ ಲೂಪ್. ಮಾನಿಟರ್ ಒಂದು ಪ್ಲಗ್‌ನಿಂದ, ಸ್ಪೀಕರ್ ಇನ್ನೊಂದು ಪ್ಲಗ್‌ನಿಂದ ಕರೆಂಟ್ ತಗೊಳ್ಳುತ್ತಿದ್ದವು, ಎರಡು ಅರ್ಥಿಂಗ್ ದಾರಿಗಳು ಎಚ್‌ಡಿಎಂಐ ಮೂಲಕ ಸುತ್ತುಕಟ್ಟಿದ್ದವು. ಎಲ್ಲವನ್ನೂ ಅರ್ಥಿಂಗ್ ಸರಿಯಿರುವ ಒಂದೇ ಬೋರ್ಡಿಗೆ ತಂದೆವು. ಇಂಟರ್ಫೇಸಿನಿಂದ ಸ್ಪೀಕರಿಗೆ ಹೋಗುವ ಕೇಬಲನ್ನು ಹೊರಗಿನ ಸದ್ದು ತಡೆಯುವ ಬ್ಯಾಲೆನ್ಸ್ಡ್ ಟಿಆರ್‌ಎಸ್‌ಗೆ ಬದಲಿಸಿದೆವು. ಹಮ್ ಹೋಯಿತು. ದಯವಿಟ್ಟು ಯಾರೂ ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸಬೇಡಿ. ಅದು ಜೀವಕ್ಕೇ ಅಪಾಯ.

ಬಿಸಿಲಿನ ಬಗ್ಗೆ ಒಂದು ಮಾತು. ಹೆಚ್ಚಿನ ಮಾನಿಟರ್‌ಗಳ ವಿವರಪಟ್ಟಿಯಲ್ಲಿ ಕೆಲಸ ಮಾಡುವ ಉಷ್ಣತೆ 40 ಡಿಗ್ರಿವರೆಗೆ ಅಂತ ಇರುತ್ತದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ಅದಕ್ಕಿಂತ ಮೇಲೆ ಹೋಗುವುದು ಮಾಮೂಲು. ರೆಕಾರ್ಡಿಂಗ್ ಹೊತ್ತಿಗೆ ಫ್ಯಾನ್ ಕೂಡ ಬಂದ್. ಹಾಗಾಗಿ ಮಾನಿಟರಿನ ಹಿಂದೆ ಗಾಳಿಯಾಡಲು ಜಾಗ ಬಿಟ್ಟು, ಬ್ರೈಟ್‌ನೆಸ್ ಇಳಿಸಿ, ಬೇಸಿಗೆಯ ಮಧ್ಯಾಹ್ನ ಅದನ್ನು ಹಚ್ಚದಂತೆ ಹೇಳಿದ್ದೇನೆ. ಅವರ ಇಂಟರ್ಫೇಸ್ ಯುಎಸ್‌ಬಿಯಿಂದಲೇ ನಡೆಯುತ್ತದೆ. ಹಾಡಿನ ನಡುವೆ ಕರೆಂಟ್ ಹೋದರೆ ಮಾನಿಟರ್ ಕಪ್ಪಾಗುತ್ತದೆ, ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ರೆಕಾರ್ಡಿಂಗ್ ಮುಂದುವರಿಯುತ್ತದೆ. ಹಾಡುವವರನ್ನು ನಿಲ್ಲಿಸಬೇಕಾಗಿಲ್ಲ.

ಈಗ ಅವರು ಬಾಗುವುದಿಲ್ಲ. ಹನ್ನೆರಡು ಟ್ರ್ಯಾಕ್ ಒಟ್ಟಿಗೆ ಕಾಣುತ್ತವೆ. ತಾಳದ ಫೇಡರನ್ನು ಒಮ್ಮೆ ಇಟ್ಟರೆ ಅಲ್ಲೇ ಬಿಡುತ್ತಾರೆ. ಉಳಿದಿರುವ ತೊಂದರೆ ಒಂದು ಹಳೆಯ ಕಂಪ್ರೆಸರ್ (ದನಿಯ ಏರಿಳಿತ ತಗ್ಗಿಸುವ) ಪ್ಲಗಿನ್, ಅದರ ಸಂಖ್ಯೆಗಳು ಈಗಲೂ ತೀರಾ ಚಿಕ್ಕವು. ಅದಕ್ಕೆ ವಿಂಡೋಸ್ ಕೀ ಮತ್ತು ಪ್ಲಸ್ ಒತ್ತಿ ಮ್ಯಾಗ್ನಿಫೈಯರ್ ಹಚ್ಚುತ್ತಾರೆ. ಮುಂದೆ ಲ್ಯಾಪ್‌ಟಾಪ್ ಬದಲಿಸಿದರೆ, ಹೊಸದರಲ್ಲಿ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಇದ್ದರೆ, ಆ ಹೊತ್ತಿಗೆ ಹಳೆಯ ಪ್ಲಗಿನ್‌ಗಳೂ ಬದಲಾಗಿದ್ದರೆ, 27 ಇಂಚಿನ 4ಕೆಯನ್ನು 175 ಪರ್ಸೆಂಟ್ ಸ್ಕೇಲಿಂಗಿನಲ್ಲಿ ಮತ್ತೆ ಅಳೆದು ನೋಡುತ್ತೇವೆ. ಟೇಬಲಿನ 68 ಸೆಂಟಿಮೀಟರ್ ಮಾತ್ರ ಆಗಲೂ ಅಷ್ಟೇ ಇರುತ್ತದೆ.